ಕಲಬುರಗಿಯ ಒಂದು ಲ್ಯಾಬಿನ ಲಿವರ್ ಪ್ಯಾಕೇಜ್: ಅರ್ಧ ಕೆಲಸ
ಎಲ್‌ಎಫ್‌ಟಿ (ಲಿವರಿನ ರಕ್ತ ಪರೀಕ್ಷೆ), ಹೊಟ್ಟೆ ಸ್ಕ್ಯಾನಿಂಗ್ ಇವೆ. ಪ್ಲೇಟ್‌ಲೆಟ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಇಲ್ಲ. ದೊಡ್ಡ ಕೊರತೆ ಅದೇ. ಫ್ಯಾಟಿ ಲಿವರ್ ಇದ್ದವರಲ್ಲಿ ಲಿವರ್ ಕ್ಯಾನ್ಸರ್ ಅಪಾಯ ಏರಿಸುವುದರಲ್ಲಿ ಬೊಜ್ಜು, ಬಿಪಿಗಿಂತ ಸಕ್ಕರೆ ಕಾಯಿಲೆಯೇ ಮುಂದು. ಅವೂ ಕೂಡಿದರೆ ಇನ್ನೂ ಹೆಚ್ಚು. ಪ್ಲೇಟ್‌ಲೆಟ್ ಇಲ್ಲದೆ ಫಿಬ್-4 (ಲಿವರಿನಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಇರಬಹುದೇ ಎಂದು ಅಂದಾಜಿಸುವ ಅಂಕ) ಲೆಕ್ಕವೂ ಆಗದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಸಂಖ್ಯೆ × ಎಎಲ್‌ಟಿಯ ವರ್ಗಮೂಲದಿಂದ ಭಾಗಿಸಬೇಕು (ಎಎಸ್‌ಟಿ, ಎಎಲ್‌ಟಿ ಎಲ್‌ಎಫ್‌ಟಿಯಲ್ಲಿ ಬರುವ ಕಿಣ್ವಗಳು). 1.3 ದಾಟಿದರೆ (65 ವರ್ಷ ಮೀರಿದವರಿಗೆ 2) ಫೈಬ್ರೋಸ್ಕ್ಯಾನ್ (ಲಿವರಿನ ಗಟ್ಟಿತನ ಅಳೆಯುವ ಸ್ಕ್ಯಾನ್) ಬೇಕು.

ಅದಕ್ಕೆ ಇಲ್ಲಿ ಬೇರೆ ದುಡ್ಡು. ಮೊದಲು 3 ತಾಸು ಏನೂ ತಿನ್ನಬೇಡಿ. ಸುಸಲಾ-ಮಿರ್ಚಿ ಹೊಡೆದು ಹೋದರೆ ಲಿವರಿಗೆ ರಕ್ತ ಹರಿವು ಹೆಚ್ಚಿ ಗಟ್ಟಿತನದ ಅಂಕಿ ಸುಮ್ಮನೆ ಏರುತ್ತದೆ. ದಪ್ಪ ಮೈಯವರು ಎಕ್ಸ್‌ಎಲ್ ಪ್ರೋಬ್ (ದಪ್ಪ ಮೈಗೆಂದೇ ಇರುವ ಅಳೆಯುವ ಸಾಧನ) ಇದೆಯಾ ಅಂತ ಕೇಳಿ.

ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟಿನ ‘ಗ್ರೇಡ್ 1’ ಕೊಬ್ಬಿನ ಅಳತೆ ಮಾತ್ರ, ಫೈಬ್ರೋಸಿಸ್‌ನದ್ದಲ್ಲ. ಸಿರೋಸಿಸ್ (ಲಿವರ್ ಪೂರ್ತಿ ಕಲೆಗಟ್ಟಿ ಗಟ್ಟಿಯಾಗುವುದು) ಆದವರಿಗೆ ಈ ಪ್ಯಾಕೇಜ್ ಸಾಲದು: 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರ್ ಸುಳಿವಿಗೆ ಮಾಡುವ ರಕ್ತ ಪರೀಕ್ಷೆ) ಬೇಕು.