ಒಂದೇ ಕಟಕಟ ಸದ್ದು, ಮೂರು ಗ್ಯಾರೇಜು

ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರು. 78 ಸಾವಿರ ಕಿಲೋಮೀಟರ್ ಓಡಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಮುಂದಿನ ಎಡ ಚಕ್ರದ ಹತ್ತಿರ ಒಂದು ಸದ್ದು ಶುರುವಾಯಿತು. ಒಳ್ಳೆ ರಸ್ತೆಯಲ್ಲಿ ಏನೂ ಇಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಕಟ್ ಕಟ್ ಕಟ್. ಬೆಂಗಳೂರಿನಲ್ಲಿ ನಾನು ಆಫೀಸಿಗೆ ಹೋಗುವ ದಾರಿಯ ತುಂಬ ಗುಂಡಿಗಳೇ, ಹಾಗಾಗಿ ದಿನಾ ಎರಡು ಹೊತ್ತು ಕೇಳಿಸಿಕೊಂಡು ತಲೆ ಕೆಟ್ಟುಹೋಗಿತ್ತು.

ಈ ಒಂದು ಸದ್ದಿಗೆ ಮೂರು ಕಡೆ ಹೋದೆ. ಕಂಪನಿಯ ಸರ್ವಿಸ್ ಸೆಂಟರ್, ಆ್ಯಪ್‌ನಲ್ಲಿ ಬುಕ್ ಮಾಡುವ ಗ್ಯಾರೇಜ್, ಆಮೇಲೆ ನಮ್ಮ ಏರಿಯಾದ ಮೆಕ್ಯಾನಿಕ್. ಖಾಯಿಲೆ ಒಂದೇ ಆಗಿದ್ದರಿಂದ ಮೂವರನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಮೊದಲು ಸರ್ವಿಸ್ ಸೆಂಟರ್. ಅಲ್ಲಿನ ಅಡ್ವೈಸರ್ ನಾನು ಹೇಳಿದ್ದನ್ನು ಜಾಬ್ ಕಾರ್ಡಿನಲ್ಲಿ ‘ಸಸ್ಪೆನ್ಷನ್ ಸದ್ದು’ ಎಂದು ಬರೆದುಕೊಂಡರು. ಎರಡು ಗಂಟೆ ಬಿಟ್ಟು ಫೋನ್ ಬಂತು. “ಮೇಡಂ, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿದೆ. ಲೇಬರ್ ಸೇರಿ 13,800 ಆಗುತ್ತೆ.” ಯಾರಾದರೂ ಗಾಡಿ ಓಡಿಸಿ ನೋಡಿದರಾ ಎಂದು ಕೇಳಿದೆ. “ಟೆಕ್ನಿಷಿಯನ್ ಚೆಕ್ ಮಾಡಿದ್ದಾರೆ” ಅಂದರು. ಶಾಕ್ ಅಬ್ಸಾರ್ಬರ್ ಹೋದರೆ ಹೆಚ್ಚಾಗಿ ಎಣ್ಣೆ ಸೋರಿ ಮೈಯೆಲ್ಲ ಜಿಡ್ಡಾಗಿರುತ್ತದೆ. ಎಣ್ಣೆ ಸೋರಿದೆಯಾ ಎಂದರೆ ಅವರಿಗೆ ಗೊತ್ತಿಲ್ಲ. ನಾನೇ ನೋಡುತ್ತೇನೆ ಎಂದರೆ ಒಳಗೆ ಬಿಡುವುದಿಲ್ಲ. ಅದರ ಜೊತೆಗೆ ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ವಾಸನೆ ತೆಗೆಯುವ ಸ್ಪ್ರೇ. ಗಾಡಿ ಜೊತೆ ಬಂದ ಪುಸ್ತಕದ ಸರ್ವಿಸ್ ಪಟ್ಟಿಯಲ್ಲಿ ಈ ಮೂರೂ ಇಲ್ಲ. ಆಯಿಲ್, ಫಿಲ್ಟರ್ ಮಾತ್ರ ಮಾಡಿಸಿ ವಾಪಸ್ ಬಂದೆ.

ಆದರೂ ಒಂದು ಮಾತು ಒಪ್ಪಲೇಬೇಕು. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ನಂಬರ್, ಬೆಲೆ, ಜಿಎಸ್‌ಟಿ ಎಲ್ಲ ಬಿಡಿಬಿಡಿಯಾಗಿ ಇತ್ತು. ಕೇಳಿದ ತಕ್ಷಣ ಹಳೆ ಫಿಲ್ಟರ್ ಕೈಗೆ ಕೊಟ್ಟರು. ವಾರಂಟಿ ಇರುವ ಹೊಸ ಗಾಡಿಯಾಗಿದ್ದರೆ ನಾನು ಬೇರೆ ಕಡೆ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಆ್ಯಪ್‌ನವರದು ಮನೆ ಬಾಗಿಲಿಗೆ ಬಂದು ಗಾಡಿ ತಗೊಂಡು ಹೋಗುವ ವ್ಯವಸ್ಥೆ. ರೇಟು ಮೊದಲೇ ಕಾಣುತ್ತದೆ. ನನಗೆ ಇದು ತುಂಬ ಹಿಡಿಸಿತ್ತು. ವಾಟ್ಸಾಪ್‌ನಲ್ಲಿ ಫೋಟೋ ಬಂತು, “ಲೋಯರ್ ಆರ್ಮ್ ಬುಷ್ ಹರಿದಿದೆ” ಎಂದು. ಲೋಯರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕೆಳಗಿನ ತೋಳು, ಬುಷ್ ಅದರ ಕೀಲಿನ ರಬ್ಬರ್. ಒಪ್ಪಿದೆ. ಎರಡೂ ಕಡೆ ಲೋಯರ್ ಆರ್ಮ್ ಬದಲಾಯಿಸಿ 6,200 ರೂಪಾಯಿ ತಗೊಂಡರು. ಎರಡು ದಿನ ಸದ್ದು ಕಮ್ಮಿ ಆದಂತೆ ಅನಿಸಿತು. ಮೂರನೇ ದಿನ ಮತ್ತೆ ಕಟ್ ಕಟ್. ಅದರ ಮೇಲೆ ಸ್ಟೇರಿಂಗ್ ಎಡಕ್ಕೆ ಎಳೆಯಲು ಶುರುವಾಯಿತು. ಲೋಯರ್ ಆರ್ಮ್ ಬಿಚ್ಚಿದ ಮೇಲೆ ಚಕ್ರಗಳ ನೇರ, ಅಂದರೆ ವೀಲ್ ಅಲೈನ್‌ಮೆಂಟ್ ನೋಡಬೇಕು. ಅದನ್ನು ಅವರು ಮಾಡಿರಲಿಲ್ಲ.

ಆಗ ಸಿಟ್ಟಿನಲ್ಲಿ ಹಳೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಫೋಟೋದಲ್ಲಿದ್ದ ಗಾಡಿಗೆ ಅಲಾಯ್ ವೀಲ್. ನಮ್ಮದಕ್ಕೆ ಸ್ಟೀಲ್ ರಿಮ್ಮು! ಯಾರದೋ ಗಾಡಿಯ ಹರಿದ ಬುಷ್ ತೋರಿಸಿ ನನ್ನ ಹತ್ತಿರ ದುಡ್ಡು ತಗೊಂಡಿದ್ದರು. ಅದನ್ನು ನೋಡಿದಾಗ ಆದ ಬೇಜಾರು ಈಗಲೂ ಹೋಗಿಲ್ಲ.

ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದರೂ “ನೋಡ್ತೀವಿ ಮೇಡಂ” ಅಷ್ಟೇ. ಕೊನೆಗೆ ಬಿಲ್ಲು, ಆ ಫೋಟೋ, ನಮ್ಮ ಗಾಡಿಯ ಫೋಟೋ ಮೂರನ್ನೂ ಸೇರಿಸಿ ಮೇಲ್ ಬರೆದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದೂ ಸೇರಿಸಿದೆ. ನಮ್ಮಂಥವರ ಸಣ್ಣ ಬಿಲ್ಲಿಗೆ ಅಲ್ಲಿ ಶುಲ್ಕ ಇಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಸಾಕು. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ. ಒಂದು ವಾರದಲ್ಲಿ ಲೇಬರ್ ದುಡ್ಡು 1,800 ವಾಪಸ್ ಬಂತು. ಸಾಮಾನಿನ ದುಡ್ಡು ಬರಲಿಲ್ಲ. ಕೈಯಲ್ಲಿ ಬಿಲ್ ಇಲ್ಲದಿದ್ದರೆ ಇಷ್ಟೂ ಬರುತ್ತಿರಲಿಲ್ಲ.

ಇನ್ನು ಏರಿಯಾದ ಮೆಕ್ಯಾನಿಕ್. ಚಿಕ್ಕ ಶೆಡ್ಡು, ಲಿಫ್ಟ್ ಇಲ್ಲ. ಅವರು ಬಾನೆಟ್ ತೆಗೆಯುವ ಮೊದಲೇ ಕೇಳಿದ್ದು, “ನೇರ ಹೋಗುವಾಗ ಬರುತ್ತಾ, ತಿರುಗಿಸುವಾಗ ಬರುತ್ತಾ?” ಆಮೇಲೆ, “ಬನ್ನಿ, ಒಂದು ರೌಂಡ್ ಹೋಗಿ ಬರೋಣ.” ನಾನು ಓಡಿಸಿದೆ. ಅವರು ಪಕ್ಕದಲ್ಲಿ ಕೂತು ಗಾಜು ಇಳಿಸಿ ಕಿವಿ ಕೊಟ್ಟು ಕೇಳಿದರು. ವಾಪಸ್ ಬಂದು ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಕೈ ಹಾಕಿ ಒಂದು ಸಣ್ಣ ರಾಡು ಅಲ್ಲಾಡಿಸಿದರು. ಟಕ್ ಟಕ್. “ನೀವೇ ಹಿಡಿದು ನೋಡಿ ಮೇಡಂ.” ಹಿಡಿದೆ. ಅದೇ ಸದ್ದು!

ಅದು ಸ್ಟೆಬಿಲೈಸರ್ ಲಿಂಕ್ ರಾಡ್. ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ಎಡ, ಬಲ ಚಕ್ರಗಳ ನಡುವೆ ಒಂದು ಕಂಬಿ ಇರುತ್ತದೆ, ಅದನ್ನು ಸಸ್ಪೆನ್ಷನ್‌ಗೆ ಜೋಡಿಸುವ ರಾಡು ಇದು. ಅದರ ಕೀಲಿಗೆ ಹಾಕಿರುವ ರಬ್ಬರ್ ಹರಿದು, ಮಳೆ ನೀರು, ಕೆಸರು ಒಳಗೆ ಹೋಗಿ ಕೀಲು ಸವೆದಿತ್ತು. ಬೇರೆಯವರಿಗೆ ಯಾಕೆ ಸಿಗಲಿಲ್ಲ ಎಂದು ಕೇಳಿದೆ. ಒಂದೇ ಕಡೆ ಜಾಕ್ ಹಾಕಿ ಎತ್ತಿದರೆ ಈ ರಾಡು ಬಿಗಿಯಾಗಿ ನಿಲ್ಲುತ್ತದೆ, ಆಗ ಲೂಸ್ ಇರುವುದು ಕೈಗೆ ಗೊತ್ತಾಗುವುದಿಲ್ಲ ಅಂದರು. ಎರಡೂ ಚಕ್ರ ನೆಲದ ಮೇಲಿರುವಾಗಲೇ ನೋಡಬೇಕಂತೆ. ಎರಡೂ ಕಡೆಯ ರಾಡು 1,500, ಲೇಬರ್ 400. ಸದ್ದು ಅವತ್ತು ಹೋಗಿದ್ದು ಮತ್ತೆ ಬಂದಿಲ್ಲ.

ಹಾಗಂತ ಎಲ್ಲ ಕೆಲಸಕ್ಕೂ ಅವರ ಹತ್ತಿರ ಹೋಗಿ ಅನ್ನುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ ಎಸಿ ತಣ್ಣಗಾಗುತ್ತಿಲ್ಲ ಎಂದಾಗ ಇವರೇ 1,400 ತಗೊಂಡು ಗ್ಯಾಸ್ ತುಂಬಿಸಿದ್ದರು. ಎರಡು ತಿಂಗಳಿಗೆ ಖಾಲಿ. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಮ್ಮಿ ಆಗಿದೆ ಎಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಲೀಕ್ ಹುಡುಕುವ ಸಾಮಾನು ಅವರ ಹತ್ತಿರ ಇಲ್ಲ. ಆ ಮಾತನ್ನು ಅವರು ಅವತ್ತೇ ಹೇಳಬೇಕಿತ್ತು. ಎಸಿ ಕೆಲಸ ಮಾತ್ರ ಮಾಡುವವರ ಹತ್ತಿರ ಹೋದ ಮೇಲೆ ಗ್ಯಾಸನ್ನು ತಣ್ಣಗಾಗಿಸುವ ಕಂಡೆನ್ಸರ್‌ನಲ್ಲಿ ತೂತು ಸಿಕ್ಕಿತು. ಇನ್ನು ಸಂಜೆ ಕೊಡ್ತೀನಿ ಅಂದರೆ ಮೂರು ದಿನ. ಬಿಲ್ಲು ಅಂದರೆ ಹಾಳೆಯಲ್ಲಿ ಬರೆದ ಚೀಟಿ. ಅದನ್ನು ಹಿಡಿದು ಯಾವ ಆಯೋಗದ ಮುಂದೆ ಹೋಗಲಿ?

ಸ್ಪೇರ್ ವಿಷಯದಲ್ಲಿ ಪಾಪ ಇವರ ಕಷ್ಟವೂ ಇದೆ. ಒರಿಜಿನಲ್ ಸಾಮಾನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ನಮ್ಮ ಗಾಡಿಯದು ಬೆಂಗಳೂರಿನಲ್ಲಿ ಸ್ಪೇರ್ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಡೂಪ್ಲಿಕೇಟೂ ಅಲ್ಲೇ ಇರುತ್ತದೆ, ನೋಡಿ ತರಬೇಕು.

ಈಗ ಯಾವ ಗ್ಯಾರೇಜಿಗೆ ಹೋದರೂ ರೇಟು ಆಮೇಲೆ ಕೇಳುತ್ತೇನೆ. ಮೊದಲು “ಒಂದು ರೌಂಡ್ ಹೋಗಿ ಬರೋಣ್ವಾ?” ಎಂದು ಕೇಳುತ್ತೇನೆ. ಬರಲ್ಲ ಅಂದರೆ ಸುಮ್ನೆ ಗಾಡಿ ತಿರುಗಿಸಿಕೊಂಡು ಬರುತ್ತೇನೆ.

ಹೋದ ವಾರ ಕ್ಲಚ್ ಗಟ್ಟಿ ಆದಂತೆ ಅನಿಸಿ ಏರಿಯಾದ ಮೆಕ್ಯಾನಿಕ್‌ಗೆ ತೋರಿಸಿದೆ. ಓಡಿಸಿ ನೋಡಿ, “ಇನ್ನೂ ಐದಾರು ಸಾವಿರ ಕಿಲೋಮೀಟರ್ ಬರುತ್ತೆ, ಈಗಲೇ ಬಿಚ್ಚೋದು ಬೇಡ” ಅಂದರು. ಬಿಚ್ಚುವ ದಿನ ಬಂದಾಗ ಕ್ಲಚ್ ಸೆಟ್ ನಾನೇ ಬಿಲ್ ಸಮೇತ ತಂದುಕೊಡುವುದು, ಲೇಬರ್ ಯುಪಿಐನಲ್ಲಿ ಕಳಿಸುವುದು, ಹಳೆ ಪ್ಲೇಟ್ ಅವರು ನನಗೆ ಕೊಡುವುದು ಎಂದು ಮಾತಾಗಿದೆ.