ಟ್ರಸ್ಟ್ ಡೀಡ್ ಮಾಡ್ಸೋಕೆ ಒಳ್ಳೆ ಆಫೀಸು, ಫೀಸು ಮಾತ್ರ ಮೊದ್ಲೇ ಮಾತಾಡ್ಕೊಳ್ಳಿ
ಅಜ್ಜಿ ಹೆಸರಲ್ಲಿ ಊರಿನ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋ ಟ್ರಸ್ಟ್ ಮಾಡ್ಬೇಕಿತ್ತು, ಸಬ್ ರಿಜಿಸ್ಟ್ರಾರ್ ಆಫೀಸ್ ಎದುರಿಗಿರೋ ಈ ವಕೀಲರ ಹತ್ರ ಹೋದ್ವಿ. ಡೀಡ್ (ಟ್ರಸ್ಟಿನ ನಿಯಮಗಳ ಪತ್ರ) ಡ್ರಾಫ್ಟಿಂಗ್ ಸೂಪರ್ ಕಣ್ರಿ, ಟ್ರಸ್ಟ್ ನಡೆಸೋ ಟ್ರಸ್ಟಿ ತೀರ್ಕೊಂಡ್ರೆ ಇಲ್ಲಾ ಬಿಟ್ಟೋದ್ರೆ ಮುಂದೆ ಯಾರು, ಚೆಕ್‌ಗೆ ಎಷ್ಟು ಜನರ ಸೈನು, ಟ್ರಸ್ಟ್ ಮುಚ್ಚಿದ್ರೆ ಉಳಿದ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತೆಲ್ಲ ಕೂರಿಸ್ಕೊಂಡು ಕೇಳಿ ಬರೆದ್ರು, ಹಳೇ ಫಾರ್ಮ್ಯಾಟಲ್ಲಿ ಹೆಸರು ಬದಲಾಯಿಸಿ ಕೊಡೋರ ಥರ ಅಲ್ಲ. 1882ರ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ, ನಿಮ್ದು ಸಾರ್ವಜನಿಕ ಟ್ರಸ್ಟ್ ಅಂತ ಬಿಡಿಸಿ ಹೇಳಿದ್ರು. ಛಾಪಾ ಕಾಗದ, ರಿಜಿಸ್ಟ್ರೇಷನ್, ಪ್ಯಾನ್ ಎಲ್ಲ ಸಲೀಸು. ಬೇಜಾರಾಗಿದ್ದು ಅಂದ್ರೆ ಆಗಿನ ಆದಾಯ ತೆರಿಗೆ ಕಾಯ್ದೆಯ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ ಅರ್ಜಿಗೆ ಬೇರೆ ಫೀಸು ಅಂತ ಕೊನೇಲಿ ಬಾಯಿಬಿಟ್ಟಿದ್ದು, 80ಜಿ ಇಲ್ದೆ ದಾನ ಕೊಡೋರಿಗೆ ಟ್ಯಾಕ್ಸ್ ರಿಯಾಯಿತಿ ಸಿಗ್ತಿರ್ಲಿಲ್ವಲ್ಲ, ಮಾಡಿಸ್ದೆ ಇರೋಕಾಗ್ತಿತ್ತಾ? ನಾಲ್ಕು ಸ್ಟಾರ್.