ಮುಟ್ಟಿದರೆ ಮುನಿಯ ಮುಂದೆ ಸೋತ ಕ್ಯಾಮೆರಾ: ಗಿಡ ಗುರುತಿಸುವ ಆ್ಯಪ್ ಒಂದರ ವಿಮರ್ಶೆ

ಫೋಟೊ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳು ಈಗ ಹಲವಾರಿವೆ. ನಾನು ಒಂದು ವರ್ಷದಿಂದ ಬಳಸುತ್ತಿರುವ ಈ ಆ್ಯಪ್ ವೈಜ್ಞಾನಿಕ ಹೆಸರಿನ ಜೊತೆಗೆ ಜನರು ಆಡುವ ಭಾಷೆಗಳ ಹೆಸರುಗಳನ್ನೂ ಕೊಡುತ್ತದೆ. ಆ ಮೂಲಕ ಭಾಷೆ, ಸಂಸ್ಕೃತಿ ಮತ್ತು ಪ್ರಕೃತಿಯನ್ನು ಒಟ್ಟಿಗೆ ಉಳಿಸುತ್ತೇನೆ ಎಂಬುದು ಅದರ ಪರಿಚಯದ ಮೊದಲ ಸಾಲು. ಗಿಡ ಗುರುತಿಸುವ ಕೆಲಸಕ್ಕೆ ನಾನು ಅದಕ್ಕೆ ಧಾರಾಳವಾಗಿ ಅಂಕ ಕೊಡುತ್ತೇನೆ. ಆದರೆ ಆ ಮೊದಲ ಸಾಲನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ.

ಗುರುತಿಸುವಿಕೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎಲೆ, ಹೂ, ಕಾಯಿಗಳನ್ನು ಬೇರೆ ಬೇರೆಯಾಗಿ ಹತ್ತಿರದಿಂದ ತೆಗೆದರೆ ಉತ್ತರ ಬಹುಪಾಲು ಸರಿಯಿರುತ್ತದೆ. ಹುಲ್ಲುಗಳಲ್ಲಿ ಎಡವುತ್ತದೆ, ಆದರೆ ಹುಲ್ಲುಗಳಲ್ಲಿ ಎಡವದವರು ಯಾರಿದ್ದಾರೆ? ನೆಟ್‌ವರ್ಕ್ ಇಲ್ಲದ ಕಡೆ ತೆಗೆದ ಫೋಟೊಗಳನ್ನು ಕೂಡಿಟ್ಟುಕೊಂಡು ಆಮೇಲೆ ಹೆಸರು ಹೇಳುವ ಸೌಲಭ್ಯವಂತೂ ನಿಜಕ್ಕೂ ಉಪಯುಕ್ತವಾದದ್ದು.

ಅದು ಪೂರ್ತಿ ಕೈಕೊಟ್ಟದ್ದು ತೀರಾ ಸಾಮಾನ್ಯವಾದ ಒಂದು ಗಿಡದ ಮುಂದೆ. ಮುಟ್ಟಿದರೆ ಮುನಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತು ಫೋನನ್ನು ಹತ್ತಿರ ಒಯ್ದಾಗ ಅಂಗಿಯ ತೋಳು ತಗುಲಿ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡವು, ತೊಟ್ಟುಗಳು ಜೋತುಬಿದ್ದವು, ಫೋಕಸ್ ಆಗುವ ಹೊತ್ತಿಗೆ ಪರದೆಯ ಮೇಲೆ ಉಳಿದದ್ದು ಬಾಡಿದ ಕಡ್ಡಿಯಂಥ ಏನೋ ಒಂದು. ಆ್ಯಪ್ ಮೂರು ಹೆಸರುಗಳನ್ನು ಸೂಚಿಸಿತು, ಮೂರೂ ತಪ್ಪು. ಎಲೆಗಳು ಮತ್ತೆ ಬಿಚ್ಚಿಕೊಳ್ಳುವವರೆಗೆ ಕಾದು ಇನ್ನೊಂದು ಫೋಟೊ ತೆಗೆದಾಗ ‘ಮಿಮೋಸಾ ಪುಡಿಕಾ’ ಎಂದು ಸರಿಯಾಗಿಯೇ ಹೇಳಿತು. ಚಿಕ್ಕ ಮಗು ಯಾವ ಗುಣದಿಂದ ಈ ಗಿಡವನ್ನು ಗುರುತಿಸುತ್ತದೆಯೋ ಅದೇ ಗುಣ ಆ್ಯಪ್‌ನ ದಾರಿ ತಪ್ಪಿಸಿತ್ತು, ಏಕೆಂದರೆ ಫೋಟೊಗೆ ಸಿಗುವುದು ಗಿಡದ ರೂಪ, ಹೆಸರು ಹಿಡಿದಿಟ್ಟಿರುವುದು ಗಿಡದ ನಡವಳಿಕೆ. ಲ್ಯಾಟಿನ್ನಿನ ‘ಪುಡಿಕಾ’ ಎಂದರೂ ನಾಚಿಕೆಯುಳ್ಳದ್ದು ಎಂದೇ ಅರ್ಥ. 1753ರಲ್ಲಿ ಆ ಹೆಸರನ್ನು ಪ್ರಕಟಿಸಿದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಕೂಡ ಕಂಡದ್ದು ಅದನ್ನೇ. ಅಷ್ಟೇ ಅಲ್ಲ, ಈ ಗಿಡದ ತವರು ಅಮೆರಿಕ ಖಂಡ. ಹೊರಗಿನಿಂದ ಬಂದ ಹೊಸ ಗಿಡವನ್ನು ಯಾರೋ ಮುಟ್ಟಿ ನೋಡಿ, ಅದರ ಸ್ವಭಾವವನ್ನೇ ಹೆಸರು ಮಾಡಿದ್ದಾರೆ. ಕನ್ನಡ ತನ್ನ ಸುತ್ತಲಿನ ನೆಲದ ಜೊತೆ ಮಾತುಕತೆಯಲ್ಲಿದ್ದುದರಿಂದಲೇ ಇದು ಆಗಿದೆ.

ಇಂಥ ಹೆಸರುಗಳು ಬೇಕಾದಷ್ಟಿವೆ. ನೆಲನೆಲ್ಲಿ ಗೇಣುದ್ದದ ಕಳೆ, ನೆಲ್ಲಿ ಒಂದು ಮರ; ಆದರೂ ಎರಡರ ಎಲೆಯ ಜೋಡಣೆ ಮತ್ತು ಕಾಯಿಯ ಆಕಾರ ನೋಡಿದ ಜನ ಅವನ್ನು ನಂಟರೆಂದು ಕರೆದರು, ಸಸ್ಯಶಾಸ್ತ್ರಜ್ಞರೂ ಎರಡನ್ನೂ ಫಿಲ್ಯಾಂತಸ್ ಎಂಬ ಒಂದೇ ಕುಲಕ್ಕೆ ಸೇರಿಸಿದರು. ಕಡಿದು ನೇತುಹಾಕಿದರೂ ಸಾಯದೆ ಬೇರಿಳಿಸುವ ಬಳ್ಳಿ ಅಮೃತಬಳ್ಳಿಯಾಯಿತು. ಆ್ಯಪ್‌ನಲ್ಲಿ ಇವುಗಳಿಗೆ ಇರುವ ಜಾಗ ಮಾತ್ರ ಒಂದು ಚೌಕ: ಭಾಷೆಗೊಂದು ಹೆಸರು, ಅದರ ಮುಂದೆ ಏನೂ ಇಲ್ಲ.

ಆ ಚೌಕದಲ್ಲಿಯೂ ಹಲವೆಡೆ ಇರುವುದು ಇಂಗ್ಲಿಷ್ ಹೆಸರಿನ ಯಂತ್ರಾನುವಾದ. ಮುಟ್ಟಿದರೆ ಮುನಿಗೆ ‘ನನ್ನನ್ನು ಮುಟ್ಟಬೇಡಿ’ ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಅದೇ ಹೆಸರಿನಿಂದ ಕರೆಯುವ ಇನ್ನೊಂದು ಗಿಡವಿರುವುದರಿಂದ, ಮಾಗಿದ ಕಾಯಿ ಮುಟ್ಟಿದರೆ ಸಿಡಿಯುವ ಕರ್ಣಕುಂಡಲಕ್ಕೂ ‘ನನ್ನನ್ನು ಮುಟ್ಟಬೇಡಿ’ ಎಂದೇ ನಾಮಕರಣವಾಗಿತ್ತು. ನೆಲನೆಲ್ಲಿಗೆ ಬಂದ ಹೆಸರು ‘ಕಲ್ಲು ಒಡೆಯುವವನು’. ಮೊದಲು ನಕ್ಕೆ. ಆಮೇಲೆ ತಿಳಿದದ್ದೆಂದರೆ, ಬ್ರೆಜಿಲ್‌ನ ಜನ ಮೂತ್ರಪಿಂಡದ ಕಲ್ಲಿಗೆ ಇದರ ಕಷಾಯ ಕುಡಿಯುವುದರಿಂದ ಅಲ್ಲಿ ಇದಕ್ಕೆ ‘ಕೆಬ್ರ ಪೆದ್ರ’, ಅಂದರೆ ಕಲ್ಲೊಡೆಯುವ ಗಿಡ ಎಂಬ ಹೆಸರು ನಿಜವಾಗಿಯೂ ಇದೆ. ಎರಡು ಖಂಡಗಳ ಜನ ಒಂದು ಕಳೆಯಲ್ಲಿ ಕಂಡ ಎರಡು ಬೇರೆ ಸಂಗತಿಗಳನ್ನು ಪಕ್ಕಪಕ್ಕದಲ್ಲಿ ತೋರಿಸಬಹುದಾಗಿದ್ದ ಆ್ಯಪ್, ಒಂದನ್ನು ಅಳಿಸಿ ಇನ್ನೊಂದನ್ನು ಎಲ್ಲಿಂದ ಬಂತೆಂದು ಹೇಳದೆ ಅಂಟಿಸಿತ್ತು.

ಇದು ಬರೀ ಭಾಷಾಭಿಮಾನದ ದೂರಲ್ಲ. ಇಂಡೊನೇಷ್ಯಾದ ಸಿಮೆಲುಯೆ ದ್ವೀಪದವರು 1907ರ ಸುನಾಮಿಯ ನೆನಪನ್ನು ‘ಸ್ಮಾಂಗ್’ ಎಂಬ ಮಾತಿನಲ್ಲಿ, ಹಾಡಿನಲ್ಲಿ, ಅಜ್ಜಿಯರ ಕತೆಯಲ್ಲಿ ಉಳಿಸಿಕೊಂಡಿದ್ದರು; ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕು ಎಂಬ ಇಡೀ ವಾಕ್ಯ ಆ ಒಂದು ಪದದ ಹಿಂದಿತ್ತು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಸಮೀಪದಲ್ಲಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. ‘ಸ್ಮಾಂಗ್: ಸುನಾಮಿ’ ಎಂದು ಚೌಕದಲ್ಲಿ ತುಂಬಿದರೆ ಅನುವಾದ ಸರಿಯೇ, ಆದರೆ ಗುಡ್ಡಕ್ಕೆ ಓಡಿ ಎಂಬ ಮಾತು ಅದರಲ್ಲಿ ಇರುವುದಿಲ್ಲ.

ಇನ್ನೊಂದು ಕೊರತೆ ಪರದೆಯಲ್ಲೇ ಕಾಣುತ್ತದೆ. ಅಳಿವಿನಂಚಿನ ಗಿಡವಾದರೆ ಹೆಸರಿನ ಪಕ್ಕದಲ್ಲಿ ಕೆಂಪು ಗುರುತು ಬರುತ್ತದೆ. ಆ ಹೆಸರನ್ನು ಕೊಟ್ಟ ಭಾಷೆ ಅಳಿವಿನಂಚಿನಲ್ಲಿದ್ದರೆ ಯಾವ ಗುರುತೂ ಇಲ್ಲ. ಲೋಕದ ಭಾಷೆಗಳಲ್ಲಿ ಸುಮಾರು ಶೇ 70ರಷ್ಟು, ಜೀವವೈವಿಧ್ಯ ಹೆಚ್ಚಿರುವ ಪ್ರದೇಶಗಳಲ್ಲೇ ಇವೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಉತ್ತರ ಅಮೆರಿಕ, ವಾಯವ್ಯ ಅಮೆಜಾನ್ ಮತ್ತು ನ್ಯೂಗಿನಿಯ 236 ಮೂಲನಿವಾಸಿ ಭಾಷೆಗಳನ್ನು ನೋಡಿದ 2021ರ ಅಧ್ಯಯನದಲ್ಲಿ, ಗಿಡಮೂಲಿಕೆಗಳ 12,495 ಬಳಕೆಗಳ ಪೈಕಿ ಶೇ 75ಕ್ಕೂ ಹೆಚ್ಚು ಬಳಕೆಗಳು ಒಂದೊಂದೇ ಭಾಷೆಯವರಿಗೆ ಗೊತ್ತಿದ್ದವು. ಆ ಗಿಡಗಳಲ್ಲಿ ಹೆಚ್ಚಿನವಕ್ಕೆ ಅಳಿವಿನ ಭಯವಿರಲಿಲ್ಲ, ಭಯವಿದ್ದದ್ದು ಭಾಷೆಗಳಿಗೆ. ಗಿಡ ಉಳಿದು, ಅದು ಯಾತಕ್ಕೆಂದು ಬಲ್ಲ ಮಾತು ಹೋದರೆ, ಅದನ್ನು ಕಳೆಯೆಂದು ಕಿತ್ತೆಸೆಯಲು ಹೆಚ್ಚು ಕಾಲ ಬೇಕಿಲ್ಲ.

ಹೊಸ ಹೆಸರು ಸೇರಿಸುವ ಅವಕಾಶ ಆ್ಯಪ್‌ನಲ್ಲಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ನಾವು ತುಂಬಿದ ಮಾಹಿತಿಯನ್ನು ಹೇಗೆ ಬೇಕಾದರೂ ಬಳಸುವ ಹಕ್ಕು ಕಂಪನಿಗೆ ಸೇರುತ್ತದೆಂದು ಷರತ್ತುಗಳಲ್ಲಿ ಬರೆದಿದೆ. ಸಾಂಪ್ರದಾಯಿಕ ಜ್ಞಾನವನ್ನು ಅದರ ಒಡೆಯರ ಒಪ್ಪಿಗೆಯಿಂದ ಬಳಸಬೇಕೆಂಬ ಮಾತು 1992ರ ಜೀವವೈವಿಧ್ಯ ಒಪ್ಪಂದದಲ್ಲೇ ಇರುವಾಗ, ಮೂಲಿಕೆಯ ಬಳಕೆಯನ್ನು ಇಲ್ಲಿ ತುಂಬಿಸಿ ಎಂದು ನಾನು ಯಾರಿಗೂ ಹೇಳಲಾರೆ. ಹೆಸರಿನ ಜೊತೆಗೆ ಅದನ್ನು ಬಳಸಿದ ಒಂದು ವಾಕ್ಯವನ್ನು ಧ್ವನಿಯಲ್ಲಿ ಸೇರಿಸಲು ಜಾಗ, ಅದನ್ನು ಯಾವಾಗ ಬೇಕಾದರೂ ಹಿಂತೆಗೆಯುವ ಹಕ್ಕು, ಇವೆರಡನ್ನು ಕೊಟ್ಟರೆ ನನ್ನ ಅಭಿಪ್ರಾಯ ಬದಲಾಗಬಹುದು. ಸದ್ಯಕ್ಕೆ ಐದಕ್ಕೆ ಎರಡೂವರೆ.

ಅನುವಾದದ ತಪ್ಪುಗಳ ಬಗ್ಗೆ ನಾಲ್ಕು ತಿಂಗಳ ಹಿಂದೆ ದೂರು ಬರೆದಿದ್ದೆ. ಕಳೆದ ವಾರದ ಅಪ್‌ಡೇಟ್‌ನಲ್ಲಿ ಮುಟ್ಟಿದರೆ ಮುನಿಗೆ ಅದರ ಹೆಸರು ಸಿಕ್ಕಿದೆ. ಕರ್ಣಕುಂಡಲ ಇನ್ನೂ ‘ನನ್ನನ್ನು ಮುಟ್ಟಬೇಡಿ’ ಎನ್ನುತ್ತಲೇ ಇದೆ.